ರೊಟ್ಟಿಯ ಸಂಚು

ಅಮೆರಿಕದ ಓಲ್ಡ್ ಬ್ರಿಡ್ಜ್ ಎಂಬ ಊರಿನ ಅಮರೇಶ್ವರ ವೃತ್ತಿಯಿಂದ ಸೇತುವೆ ಪರೀಕ್ಷಿಸುವ ಇಂಜಿನಿಯರು. ಕಂಬದಲ್ಲಿ ಬಿರುಕು ಕಂಡರೆ ಅಳತೆ ತೆಗೆಯದೆ ಬಾಯಿ ಬಿಡುವವರಲ್ಲ. ಅಂಥವರು ಸಂಜೆ ಕಾರಿನಲ್ಲಿ ರೇಡಿಯೊ ಹಚ್ಚಿದರೆ ಮಾತ್ರ ಕೇಳಿದ್ದೆಲ್ಲ ನಂಬುತ್ತಿದ್ದರು. ಡ್ಯೂಕ್ ಎಂಬಾತನ ಟಾಕ್ ಶೋ ಅದು. ಕರೆಂಟ್ ಹೋಗಲಿದೆ, ಬ್ಯಾಂಕುಗಳು ಮುಚ್ಚಲಿವೆ, ದೊಡ್ಡವರು ಒಳಗೊಳಗೇ ಮಾತಾಡಿ ಮುಗಿಸಿದ್ದಾರೆ, ಬುದ್ಧಿಯಿದ್ದವರು ಬೇಸ್‌ಮೆಂಟ್ ತುಂಬಿಸಿಕೊಳ್ಳಿ ಎಂಬುದು ಅವನ ಉಪದೇಶ. ಅಮರೇಶ್ವರ ತುಂಬಿಸಿದರು. ನೀರಿನ ಕ್ಯಾನು, ಜನರೇಟರು, ಅಕ್ಕಿ ಬಂದವು. ಹೆಂಡತಿ ರಾಜಿಯ ಟ್ರೆಡ್‌ಮಿಲ್ ಗರಾಜಿಗೆ ಹೋಯಿತು.

ಡ್ಯೂಕ್ ಮಾರುತ್ತಿದ್ದ, ವರ್ಷಾನುಗಟ್ಟಲೆ ಕೆಡದ ಒಣ ಊಟದ ಬಕೆಟ್ಟೂ ಬಂತು. ಒಂದು ಭಾನುವಾರ ರುಚಿ ನೋಡಿದರು. ಲೋಕವೇ ಮುಳುಗಿದರೂ ಇದು ಗಂಟಲಲ್ಲಿ ಇಳಿಯದು ಅನ್ನಿಸಿತು. ಅದೇ ಹೊತ್ತಿಗೆ ಲಿಂಗಸುಗೂರಿನಿಂದ ಬಂದ ಅತ್ತೆ ಸೂಟ್‌ಕೇಸ್ ತುಂಬ ಖಡಕ್ ರೊಟ್ಟಿ ತಂದಿದ್ದರು. ಫ್ರಿಜ್ ಬೇಡ, ಒಲೆ ಬೇಡ, ತಿಂಗಳುಗಟ್ಟಲೆ ಕೆಡುವುದಿಲ್ಲ. ಇಂಥ ಮಾತು ಡ್ಯೂಕ್‌ಗೆ ಗೊತ್ತಿರದಿದ್ದರೆ ಹೇಗೆ?

ಕಿರಾಣಿ ಅಂಗಡಿಯ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ ಶೋಗೆ ಫೋನ್ ಮಾಡಿದರು. ಲೈನ್ ಸಿಕ್ಕಿತು. ಜೋಳದ ರೊಟ್ಟಿಯನ್ನು ಬಡಿಯುವುದು, ಒಣಗಿಸುವುದು, ಶೇಂಗಾ ಚಟ್ನಿಯ ಜೊತೆ ತಿನ್ನುವುದು, ಎಲ್ಲವನ್ನೂ ಭಕ್ತಿಯಿಂದ ವಿವರಿಸಿದರು. ಯಾವಾಗಿನಿಂದ ಈ ತಯಾರಿ ಎಂದು ಡ್ಯೂಕ್ ಕೇಳಿದ. ನಮ್ಮ ಜನ ಮೊದಲಿನಿಂದಲೂ ಮಾಡುತ್ತಾ ಬಂದಿದ್ದಾರೆ ಎಂದರು ಅಮರೇಶ್ವರ.



“ಕೇಳಿದಿರಾ ಗೆಳೆಯರೇ?” ಎಂದ ಡ್ಯೂಕ್. “ಇವರ ಜನ ಮೊದಲಿನಿಂದಲೂ ತಯಾರಾಗಿದ್ದಾರಂತೆ. ಏನು ಬರಲಿದೆ ಅಂತ ಇವರಿಗೆ ಹೇಳಿದವರು ಯಾರು?”

ಲೈನ್ ಕಟ್ಟಾಯಿತು. ಆಮೇಲೆ ಶೋಗೆ ಫೋನ್ ಮಾಡಿದವರೆಲ್ಲ ಆ ರೊಟ್ಟಿಯವನ ಬೆನ್ನು ಹತ್ತಿದರು. ಒಬ್ಬ, ಅವನು ಸರ್ಕಾರದ ಗೂಢಚಾರ ಎಂದ. ಇನ್ನೊಬ್ಬಳು, ಎಡಿಸನ್ ಊರಿನ ಇಂಡಿಯನ್ ಅಂಗಡಿಗಳಿಂದ ಜನ ಮೂಟೆಗಟ್ಟಲೆ ಅಕ್ಕಿ ಹೊತ್ತೊಯ್ಯುವುದನ್ನು ತಾನು ಕಣ್ಣಾರೆ ಕಂಡಿದ್ದೇನೆ ಎಂದಳು. ಅಮರೇಶ್ವರ ಕಾರಿನೊಳಗೇ ಬೆವರಿದರು. ಮನೆಗೆ ಬಂದವರೇ ಬೇಸ್‌ಮೆಂಟ್ ಕಿಟಕಿಗೆ ಹಳೆಯ ಬೆಡ್‌ಶೀಟ್ ಕಟ್ಟಿದರು. ಲೋಕ ಮುಳುಗಿದ ದಿನ ಹಸಿದ ಜನ ನುಗ್ಗಿಯಾರು ಎಂಬ ಭಯ ಮೊದಲೇ ಇತ್ತು. ಈಗ ಡ್ಯೂಕ್‌ನ ಶ್ರೋತೃಗಳು ಅದಕ್ಕೂ ಮುಂಚೆ ಬಂದಾರು ಎಂಬ ಭಯ.

ರಾಜಿ ಎಲ್ಲವನ್ನೂ ಕೇಳಿಸಿಕೊಂಡಳು. ನಗಲಿಲ್ಲ.

“ಅಲ್ರೀ, ನಿಮ್ಮ ಬಗ್ಗೆ ಅವರು ಹೇಳಿದ್ದು ಖರೇ ಏನು?”

“ಪೂರಾ ಸುಳ್ಳು.”

“ಮತ್ತ ಉಳಿದದ್ದು?”

“ಉಳಿದದ್ದು ಬ್ಯಾರೆ ಮಾತು,” ಎಂದರು ಅಮರೇಶ್ವರ. “ನನ್ನ ವಿಷಯದಾಗ ಅಷ್ಟs ಯಾರೋ ಅವನ ದಾರಿ ತಪ್ಪಿಸ್ಯಾರ.”

ಒಂದು ವಾರ ರೇಡಿಯೊ ಹಚ್ಚಲಿಲ್ಲ. ಆಮೇಲೆ ತಡೆಯಲಾಗಲಿಲ್ಲ. ರೊಟ್ಟಿಯವರ ಜಾಲ ಹೋಬೋಕನ್ ಊರಿನವರೆಗೆ ಹಬ್ಬಿದೆ ಎಂದು ಡ್ಯೂಕ್ ಅಂದು ಹೇಳುತ್ತಿದ್ದ. ಅಮರೇಶ್ವರ ಸೌಂಡ್ ಜಾಸ್ತಿ ಮಾಡಿ, ರೊಟ್ಟಿಯವರಾದ ತಾವು ಮುಂದೇನು ಮಾಡಲಿದ್ದೇವೆ ಎಂದು ಗಮನವಿಟ್ಟು ಕೇಳಿದರು.