ದೊಡ್ಡಪ್ಪನ ಅಂಗಡಿಯ ಎದುರಿಗೆ

ಪೀಠೋಪಕರಣ ವಿನ್ಯಾಸದ ಡಿಗ್ರಿಗೆ ಸೇರುತ್ತೇನೆಂದು ನಾನು ಹೇಳಿದ ದಿನ ದೊಡ್ಡಪ್ಪ ಇಡೀ ಮನೆಯವರ ಮುಂದೆ ನಕ್ಕರು. ಶಿರಸಿಯಲ್ಲಿ ಅವರದು ಹೆಸರು ಮಾಡಿದ ಫರ್ನಿಚರ್ ಅಂಗಡಿ. ಮುಂದೆ ಗಾಜಿನ ಬಾಗಿಲು, ಹಿಂದೆ ಮರಗೆಲಸದ ಶೆಡ್ಡು. ಬನವಾಸಿ ಕಡೆಯಿಂದ ಬಂದ ನಮ್ಮ ಮನೆತನಕ್ಕೆ ಅದೇ ದೊಡ್ಡ ಹೆಮ್ಮೆ. ಅವರ ತಮ್ಮನಾದ ನನ್ನಪ್ಪ ಆ ಶೆಡ್ಡಿನಲ್ಲಿ ಪಾಲಿಶ್ ಕೆಲಸ ಮಾಡುತ್ತಿದ್ದ.

"ಖುರ್ಚಿ ಮಾಡಾಕ ನಾಕು ವರ್ಷ ಓದಬೇಕೇನ? ನಮ್ಮಪ್ಪ ಯಾವ ಕಾಲೇಜಿಗೆ ಹೋಗಿದ್ದ?" ಎಂದರು. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಅಣ್ಣ ನಕ್ಕಾಗ ನಗದೇ ಇರುವುದು ಅವನಿಗೆ ಬರುತ್ತಿರಲಿಲ್ಲ.

ಆದರೂ ಹೋದೆ. ನಿಜ ಹೇಳಬೇಕೆಂದರೆ ಮೊದಮೊದಲು ದೊಡ್ಡಪ್ಪನ ಮಾತೇ ಸರಿಯೇನೋ ಅನ್ನಿಸುತ್ತಿತ್ತು. ಮರ ನಯಮಾಡುವ ರಂದಾ ಹೊಡೆಯುವುದು ಅಲ್ಲಿಯ ಕೆಲವು ಮೇಷ್ಟ್ರುಗಳಿಗಿಂತ ನನಗೇ ಚೆನ್ನಾಗಿ ಬರುತ್ತಿತ್ತು. ಕಂಪ್ಯೂಟರಿನಲ್ಲಿ ಗೆರೆ ಎಳೆಯುತ್ತ ಕೂತರೆ ಕೈ ಮರ ಬೇಡುತ್ತಿತ್ತು. ಆಮೇಲೆ ನಾವು ಮಾಡಿದ ಖುರ್ಚಿಗಳ ಮೇಲೆ ಮರಳಿನ ಚೀಲ ಹೇರಿಸಿ, ಹಿಂದಕ್ಕೆ ಜಗ್ಗಿಸಿ, ಮುರಿಯುವ ತನಕ ಪರೀಕ್ಷೆ ಮಾಡಿಸತೊಡಗಿದರು. ಯಾಕೆ ಮುರಿಯಿತೆಂದು ಮೂವರು ಮೇಷ್ಟ್ರು ಎದುರು ಕೂತು ಕೇಳುತ್ತಿದ್ದರು. ಮೊದಲ ಸಲ ಅತ್ತುಬಿಟ್ಟಿದ್ದೆ. ಓದು ಮುಗಿಯುವ ಹೊತ್ತಿಗೆ ಅವರ ಕಣ್ಣಲ್ಲಿ ಕಣ್ಣಿಟ್ಟು ಉತ್ತರ ಕೊಡುತ್ತಿದ್ದೆ.

ಊರಿಗೆ ಬಂದು ದೊಡ್ಡಪ್ಪನ ಅಂಗಡಿಗೇ ಸೇರಿದೆ. ಆಗ ಬೇರೆ ಯಾರೂ ನನಗೆ ಜಾಗ ಕೊಡುವವರಿರಲಿಲ್ಲ.

ಹುಲೇಕಲ್ ಕಡೆಯ ಒಂದು ಸಭಾಭವನದ ಅಧ್ಯಕ್ಷರು ಬಂದರು. ಮದುವೆ ಊಟಕ್ಕೆ ನೆಲದ ಮೇಲೆ ಕೂರಲಾಗದ ಹಿರಿಯರಿಗೆ ಖುರ್ಚಿ ಬೇಕಿತ್ತು. ಮನೆಯಲ್ಲಿ ನನ್ನಜ್ಜಿಯನ್ನು ಕೂರಿಸಿ, ಏಳಿಸಿ, ಎಲ್ಲಿ ಕೈಯೂರುತ್ತಾಳೆಂದು ನೋಡಿ ನಕ್ಷೆ ಬರೆದೆ. ಒರಗಿದರೂ ಖುರ್ಚಿ ಅಲುಗದಂತೆ ಹಿಂಗಾಲುಗಳನ್ನು ಹಿಂದಕ್ಕೆ ಬಾಗಿಸಿದೆ. ಒಂದು ಸ್ಯಾಂಪಲ್ಲನ್ನೂ ನಾನೇ ಮಾಡಿದೆ.

ಅಧ್ಯಕ್ಷರು ಕೂತು ನೋಡಿ, "ಭಾರಿ ಚೊಲೋ ಇದ್ದು! ಯಾರ ಡಿಸೈನು ಇದು?" ಎಂದರು.

ದೊಡ್ಡಪ್ಪ ಪಕ್ಕದಲ್ಲಿ ನಿಂತಿದ್ದ ತಮ್ಮ ಮಗನ ಭುಜದ ಮೇಲೆ ಕೈಯಿಟ್ಟರು. "ನಮ್ಮ ಹುಡುಗಂದ್ರಿ. ಅವಂಗ ರಕ್ತದಾಗ ಬಂದೈತಿ." ಆಮೇಲೆ ನನ್ನತ್ತ ತಿರುಗಿ, "ಸಾಹೇಬ್ರಿಗೆ ಚಾ ತಗೊಂಡು ಬಾರವ್ವ" ಎಂದರು.

ತಂದುಕೊಟ್ಟೆ. ಕಪ್ಪು ಕೆಳಗಿಡುವಾಗಲೇ ದೊಡ್ಡಪ್ಪನಿಗೆ ಇದನ್ನು ಮರೆಯಲು ಬಿಡುವುದಿಲ್ಲವೆಂದು ತೀರ್ಮಾನಿಸಿದೆ.

ಆರ್ಡರಿನ ಖುರ್ಚಿಗಳಿಗೆ ಮರ ಕೊಯ್ಯುವಾಗ ದೊಡ್ಡಪ್ಪನ ಮಗ ಹಿಂಗಾಲುಗಳನ್ನು ನೆಟ್ಟಗೆ ಕೊಯ್ಯಿಸುತ್ತಿದ್ದ. ಬಾಗಿದ ಕಾಲಿಗೆ ಮರ ಜಾಸ್ತಿ ಬೇಕು, ನೆಟ್ಟನೆಯದಾದರೆ ಒಂದೇ ಹಲಗೆಯಲ್ಲಿ ಹೆಚ್ಚು ಕಾಲು ಹುಟ್ಟುತ್ತವೆ.

"ದೊಡ್ಡಪ್ಪ, ಹಿಂಗ ಕೊಯ್ದ್ರ ಒರಗಿದವ್ರು ಹಿಂದಕ್ಕ ಬೀಳ್ತಾರ್ರಿ" ಎಂದೆ.

"ನಿನ್ನ ಡಿಗ್ರಿ ನಿನ್ನ ಕಡೇನ ಇರ್ಲಿ. ಸುಮ್ನ ಹೋಗು."

ಸುಮ್ಮನೆ ಹೋದೆ. ಎರಡನೇ ಸಲ ಹೇಳಲಿಲ್ಲ.

ಖುರ್ಚಿಗಳು ಹೋದ ಮೇಲೆ ಭವನದಲ್ಲಿ ನಡೆದ ಮೊದಲ ಮದುವೆಯಲ್ಲೇ ಮದುಮಗಳ ಅಜ್ಜ ಊಟ ಮುಗಿಸಿ ಹಾಯಾಗಿ ಒರಗಿದರಂತೆ. ಖುರ್ಚಿ ಸಮೇತ ಹಿಂದಕ್ಕೆ ಉರುಳಿದರು. ಹಿಂದೆ ಜಮಖಾನೆಯ ರಾಶಿ ಇದ್ದದ್ದರಿಂದ ಪೆಟ್ಟಾಗಲಿಲ್ಲ. ಪೆಟ್ಟಾಗಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ನಾನು ನಮ್ಮ ಮನೆಯ ಅಡುಗೆಮನೆಗೆ ಹೋಗಿ ಒಬ್ಬಳೇ ಮನಸಾರೆ ನಕ್ಕೆ.

ಮಾರನೇ ದಿನ ಅಧ್ಯಕ್ಷರು ಖುರ್ಚಿಗಳನ್ನು ಟೆಂಪೋದಲ್ಲಿ ಹೇರಿಸಿಕೊಂಡು ಬಂದು ಅಂಗಡಿಯ ಮುಂದೆ ಇಳಿಸಿದರು. ದೊಡ್ಡಪ್ಪ ನೇರ ನಮ್ಮ ಮನೆಗೆ ಬಂದರು. ನನ್ನನ್ನು ಹುಡುಕಿಕೊಂಡು ಅವರು ಬಂದದ್ದು ಅದೇ ಮೊದಲು.

"ಏನಾರ ಮಾಡಿ ಸರಿ ಮಾಡಿಕೊಡವ್ವ. ಮರ್ಯಾದಿ ಪ್ರಶ್ನೆ."

"ಮೊದ್ಲು ಅವ್ರ ಮುಂದ ಹೇಳ್ರಿ. ಡ್ರಾಯಿಂಗ್ ಯಾರ್ದು, ಕಾಲು ಕೊಯ್ಸಿದ್ದು ಯಾರು, ಎರಡೂ ಹೇಳ್ರಿ."

ಅಂಗಡಿಯಲ್ಲಿ, ಕೆಲಸದವರೆಲ್ಲ ನಿಂತು ನೋಡುತ್ತಿರುವಾಗ, ದೊಡ್ಡಪ್ಪ ಹೇಳಿದರು. ಮೇಜಿಗೆ ಹೇಳಿದ ಹಾಗಿತ್ತು. "ಕೇಳಿಸ್ಲಿಲ್ರಿ" ಎಂದೆ. ಇನ್ನೊಮ್ಮೆ ಹೇಳಿದರು. ಆ ಹೊತ್ತಿನ ಸುಖಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ.

ಅಧ್ಯಕ್ಷರು ನನ್ನನ್ನು ದಿಟ್ಟಿಸಿ, "ಹಂಗಾರೆ ಇದನ್ನೆಲ್ಲ ನೀನೇ ಹೊಸದಾಗಿ ಮಾಡಿಕೊಡು ತಂಗಿ" ಎಂದರು.

"ಮಾಡಿಕೊಡ್ತೀನ್ರಿ. ಆದ್ರ ಈ ಅಂಗಡಿಯಾಗಲ್ಲ."

ನನ್ನ ಡ್ರಾಯಿಂಗ್ ಎತ್ತಿಕೊಂಡು ಹೊರಬಂದೆ.

ಕೈಯಲ್ಲಿ ಕೆಲಸವಿದ್ದವಳಿಗೆ ಜಾಗ ಕೊಡಲು ಈಗ ಜನ ಮುಂದೆ ಬಂದರು. ಸಿದ್ದಾಪುರದಲ್ಲಿ ದೊಡ್ಡ ಶೆಡ್ಡೇ ಸಿಗುತ್ತಿತ್ತು, ಒಳ್ಳೆಯ ಬೆಳಕು, ಲಾರಿ ನಿಲ್ಲಲು ಅಂಗಳ. ಬೇಡವೆಂದೆ. ದೊಡ್ಡಪ್ಪನ ಗಾಜಿನ ಬಾಗಿಲಿನ ನೇರ ಎದುರಿಗೆ, ರಸ್ತೆಯ ಆಚೆ, ಕತ್ತಲೆ ಮಳಿಗೆಯೊಂದನ್ನು ಹಿಡಿದೆ. ಡಿಗ್ರಿಯ ಸರ್ಟಿಫಿಕೇಟಿಗೆ ಸಾಗವಾನಿಯ ಚೌಕಟ್ಟು ಹಾಕಿ ರಸ್ತೆಗೆ ಮುಖ ಮಾಡಿ ತೂಗುಹಾಕಿದೆ. ಗಿರಾಕಿಗಳು ಅದನ್ನು ಓದುವುದಿಲ್ಲ. ಅದು ಅವರಿಗಾಗಿ ಅಲ್ಲ.

ಮೊನ್ನೆ ಕಿರವತ್ತಿಯಿಂದ ಒಬ್ಬ ತಾಯಿ ಬಂದಿದ್ದಳು. ಮಗಳು ಇದನ್ನೇ ಓದುತ್ತೇನೆಂದು ಹಟ ಹಿಡಿದಿದ್ದಾಳಂತೆ. "ಡಿಗ್ರಿ ಮಾಡಿದ್ರ ಉಪಯೋಗ ಐತೇನ್ರಿ?" ಎಂದು ಕೇಳಿದಳು.

"ಉಳಿ, ರಂದಾ ಹಿಡ್ಯಾಕ ಬರ್ತೈತೇನ್ರಿ ಆಕಿಗೆ?"

"ಬರ್ತೈತ್ರಿ. ಸೋದರಮಾವನ ಕಡೆ ಕಲ್ತಾಳ."

"ಹಂಗಾರ ಕಳಿಸ್ರಿ. ತಾನು ಮಾಡಿದ್ದರ ಸಲುವಾಗಿ ಜಗಳಾಡೋದು ಕಲ್ತು ಬರ್ತಾಳ."

ಅಪ್ಪ ಇನ್ನೂ ತನ್ನ ಅಣ್ಣನ ಶೆಡ್ಡಿನಲ್ಲೇ ಪಾಲಿಶ್ ಮಾಡುತ್ತಾನೆ. "ಸಾಕು ಬಿಡವ್ವ, ಮನಿ ಮಂದಿ" ಎನ್ನುತ್ತಾನೆ. ನನಗೆ ಸಾಕಾಗಿಲ್ಲ. ದೊಡ್ಡಪ್ಪನ ಅಂಗಡಿಗೆ ಗೋಡೆ ಹಂಚಿಕೊಂಡ ಮಳಿಗೆ ಸದ್ಯದಲ್ಲೇ ಖಾಲಿಯಾಗುತ್ತದಂತೆ. ನನಗೇ ಕೊಡಿರೆಂದು ಮಾಲೀಕರ ಕಿವಿಗೆ ಮಾತು ಹಾಕಿ ಬಂದಿದ್ದೇನೆ.