ಬಾಗಿಲಲ್ಲಿ ನಿಂತ ದೆವ್ವ

ಡಿಗ್ರಿ ಕೊನೆಯ ವರ್ಷದಲ್ಲಿ ನಮಗೆ ಹಾರರ್ ಸಿನಿಮಾದ ಟ್ರೇಲರ್ ಮಾಡಲು ಹೇಳಿದ್ದರು. ಪೂರ್ತಿ ಸಿನಿಮಾ ಬೇಡ, ಟ್ರೇಲರ್ ಸಾಕು. ಆದರೆ ಪೋಸ್ಟರ್ ಹಚ್ಚಿ, ಪ್ರಚಾರ ಮಾಡಿ, ಜನರನ್ನು ಕಾಲೇಜಿನ ಹಾಲ್‌ಗೆ ಕರೆತರುವುದೂ ನಮ್ಮದೇ ಕೆಲಸ. ನಾನು ಕಥೆ ಬರೆದೆ, ಗೆಳತಿ ಕ್ಯಾಮೆರಾ ಹಿಡಿದಳು. ಶೂಟಿಂಗಿಗೆ ಸಿಕ್ಕಿದ್ದು ಪದ್ಮನಾಭನಗರದ ನಮ್ಮ ಬಾಡಿಗೆ ಮನೆ.

ಆಗ ಅಮ್ಮನಿಗೆ ಕೀಮೋ ನಡೆಯುತ್ತಿತ್ತು. ಕೂದಲು, ಹುಬ್ಬು ಎಲ್ಲ ಉದುರಿ, ಮನೆಯೊಳಗೂ ಸ್ಕಾರ್ಫ್ ಕಟ್ಟಿಕೊಂಡೇ ಇರುತ್ತಿದ್ದಳು. ದೆವ್ವದ ಪಾತ್ರಕ್ಕೆ ಒಪ್ಪಿದ್ದ ಹುಡುಗಿ ಜ್ವರ ಬಂದು ಮಲಗಿದಾಗ, ಇನ್ಯಾರನ್ನು ಕೇಳುವುದೆಂದು ನಾವಿಬ್ಬರೂ ತಲೆ ಕೆಡಿಸಿಕೊಂಡು ಕೂತಿದ್ದೆವು. ಅಮ್ಮ ಒಳಗಿನಿಂದ ಬಂದು, "ನಾನೇ ನಿಂತ್ಕೋತೀನಿ. ಮೇಕಪ್ಪೂ ಬೇಕಾಗಲ್ಲ" ಅಂದಳು.

ನಾನು ಬೇಡವೆಂದೆ. ಅವಳ ಕಾಯಿಲೆ ತೋರಿಸಿ ಜನರನ್ನು ಹೆದರಿಸುವುದು ನನಗೆ ಸರಿ ಕಾಣಲಿಲ್ಲ. ಅಮ್ಮ ವಾದ ಮಾಡಲಿಲ್ಲ. ಕಥೆ ಓದಿಸಿ ಕೇಳಿ, ಈ ದೆವ್ವ ಯಾಕೆ ಇಷ್ಟು ಕಿರುಚುತ್ತದೆ ಎಂದು ವಿಚಾರಿಸಿದಳು. ಆಮೇಲೆ ತಾನೇ ಹೇಳಿದಳು,

"ಅದು ಕಿರುಚಲ್ಲ ಕಣೇ. ಬಾಗಿಲಲ್ಲಿ ನಿಂತ್ಕೊಂಡು, ಎಲ್ಲರೂ ಊಟ ಮಾಡೋದನ್ನ ನೋಡ್ತಾ ಇರುತ್ತೆ."

ಒಗ್ಗರಣೆಯ ವಾಸನೆ ತಡೆಯಲಾರದೆ ಅವಳು ವಾರಗಟ್ಟಲೆ ನಮ್ಮ ಜೊತೆ ಊಟಕ್ಕೆ ಕೂತಿರಲಿಲ್ಲ. ರೂಮಿನ ಬಾಗಿಲಿಗೆ ಒರಗಿ ನಿಂತು ನಮ್ಮನ್ನೇ ನೋಡುತ್ತಿದ್ದಳು. ಅವತ್ತೇ ಕಥೆ ತಿದ್ದಿ, ಆ ಪಾತ್ರ ಅಮ್ಮನಿಗೇ ಕೊಟ್ಟೆ.

ಶನಿವಾರ ಮಧ್ಯಾಹ್ನ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದೆವು. ಮನೆ ಯಜಮಾನನ ಪಾತ್ರಕ್ಕೆ ಅಪ್ಪನನ್ನೇ ಕೂರಿಸಿದೆವು. ಅನ್ನ ಕಲಸುತ್ತಾ ತಲೆ ಎತ್ತಿ ಬಾಗಿಲ ಕಡೆ ನೋಡಬೇಕು, ಅಷ್ಟೇ. ಅಮ್ಮ ಬಿಳಿ ಸೀರೆ ಒಲ್ಲೆನೆಂದು, ದಿನಾ ಹಾಕುವ ನೈಟಿಯಲ್ಲೇ ಬಂದು ಸ್ಕಾರ್ಫ್ ಬಿಚ್ಚಿದಳು. ಅಪ್ಪ ಕಣ್ಣೆತ್ತಲಿಲ್ಲ. ಗೆಳತಿ ಮತ್ತೆ ಮತ್ತೆ ಹೇಳಿದಾಗ ಗೋಡೆ ನೋಡಿದರು, ಕ್ಯಾಮೆರಾ ನೋಡಿದರು. ಆಗ ನನಗೆ ಹೊಳೆಯಿತು, ಅಮ್ಮನ ಕೂದಲು ಹೋದಾಗಿನಿಂದ ಅವರು ಹೀಗೇ ಇದ್ದಾರೆ. ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತಿದ್ದರು, ಅಮ್ಮನ ಮುಖ ಮಾತ್ರ ನೋಡುತ್ತಿರಲಿಲ್ಲ.

"ರೀ, ನಾನೇ ಕಣ್ರೀ. ನೋಡಿ," ಅಂದಳು ಅಮ್ಮ.

ಅಪ್ಪ ನೋಡಿದರು. ತುತ್ತು ಕೈಯಲ್ಲೇ ಉಳಿಯಿತು. ಗೆಳತಿ ಕಟ್ ಹೇಳುವುದನ್ನೇ ಮರೆತಳು. ಕೊನೆಗೆ ಅಮ್ಮನೇ ಬಂದು ಅವರ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.

ಅಪ್ಪನ ಆ ನೋಟದೊಂದಿಗೇ ಟ್ರೇಲರ್ ಮುಗಿಸಿದೆವು. ಪೋಸ್ಟರಿನಲ್ಲಿ ಅಮ್ಮನ ಚಿತ್ರ ಬರುತ್ತದೆಂದು ತಿಳಿದು ಚಿಕ್ಕಮ್ಮ ಫೋನ್ ಮಾಡಿ, ಮನೆ ಹೆಂಗಸಿನ ಸ್ಥಿತಿಯನ್ನು ಬೀದಿಗೆ ತರುತ್ತೀಯಾ ಎಂದು ನನ್ನನ್ನು ಬೈದಳು. ಅಮ್ಮ ಫೋನ್ ಇಸಿದುಕೊಂಡು, ತಲೆ ನಂದು, ಇಷ್ಟಾನೂ ನಂದು ಎಂದು ಮಾತು ಮುಗಿಸಿದಳು. ಕತ್ರಿಗುಪ್ಪೆಯ ಜೆರಾಕ್ಸ್ ಅಂಗಡಿ, ಟೀ ಅಂಗಡಿ, ಟ್ಯೂಷನ್ ಸೆಂಟರಿನ ಮೆಟ್ಟಿಲು, ಹೀಗೆ ಬಿಟ್ಟ ಕಡೆಯೆಲ್ಲ ಪೋಸ್ಟರ್ ಅಂಟಿಸಿದೆವು. ರೀಲ್ಸ್ ಹಾಕಿದಾಗ ಯಾರೋ "ಮೇಕಪ್ ಸಖತ್ ಮಗಾ" ಎಂದು ಬರೆದರು. ಅಮ್ಮ ಅದನ್ನು ಅಪ್ಪನಿಗೆ ಓದಿ ಹೇಳಿದಳು.

ಪ್ರದರ್ಶನದ ದಿನ ಹಾಲ್ ತುಂಬಿತ್ತು. ಮೊದಮೊದಲು ಹುಡುಗರು ಶಿಳ್ಳೆ ಹೊಡೆದರು. ಊಟದ ದೃಶ್ಯ ಬಂದಾಗ ಸದ್ದಡಗಿತು. ಲೈಟ್ ಹಾಕಿದ ಮೇಲೆ ಒಬ್ಬ ಹುಡುಗಿ ಎದ್ದು, ಆ ದೆವ್ವಕ್ಕೆ ಬೇಕಾಗಿದ್ದಾದರೂ ಏನು ಎಂದು ಕೇಳಿದಳು. ನಾನು ಮೈಕ್ ಎತ್ತಿಕೊಳ್ಳುವಷ್ಟರಲ್ಲಿ, ಹಿಂದಿನ ಸಾಲಿನಲ್ಲಿ ಅಮ್ಮ ಎದ್ದು ನಿಂತಳು. ತಲೆಗೆ ಸ್ಕಾರ್ಫ್ ಇರಲಿಲ್ಲ.

"ಏನೂ ಬೇಡಮ್ಮ. ಜೊತೇಲಿ ಕೂರಬೇಕು ಅಂತ ಇತ್ತು, ಅಷ್ಟೇ."

ಪಕ್ಕದಲ್ಲಿದ್ದ ಅಪ್ಪ ಅವಳ ಕೈ ಹಿಡಿದು ಕೂರಿಸಿದರು.

ಕೀಮೋ ಮುಗಿಯಿತು. ಕೂದಲು ಮೊದಲಿನ ಹಾಗಲ್ಲ, ಬೆಳ್ಳಗೆ, ಗುಂಗುರಾಗಿ ಬಂತು. ಈಗಲೂ ಸ್ಕ್ಯಾನಿಗೆ ಹೋಗುವ ದಿನ ಹತ್ತಿರ ಬಂದಾಗ ಮೂವರಿಗೂ ಭಯವಾಗುತ್ತದೆ. ಅದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ.