ಡಾಕ್ಟರಿಗೆ ತೋರಿಸಿದ ಸುಕ್ಕುಕಾಪಿ

ಕೊಳ್ಳೇಗಾಲದ ನಮ್ಮ ಮನೆಗೆ ಬಂದಾಗಲೆಲ್ಲ ಅತ್ತೆ ಹಳೇ ಉಪ್ಪಿನಕಾಯಿ ಬಾಟಲಿಯಲ್ಲಿ ಸುಕ್ಕುಕಾಪಿ ಪುಡಿ ತರುತ್ತಿದ್ದರು. ಅವರ ಊರು ಮಾರ್ಟಳ್ಳಿ. ಅಲ್ಲಿ ಒಣಶುಂಠಿಗೆ ಸುಕ್ಕು ಎನ್ನುತ್ತಾರೆ, ಅಳಿಯನಿಗೆ ಮಾಪ್ಳೆ. ಹೆಸರಿಗೆ ಕಾಪಿ, ಕಾಫಿಪುಡಿ ಒಂದು ಚಿಟಿಕೆಯೂ ಇರುವುದಿಲ್ಲ. ಸುಕ್ಕು, ಕೊತ್ತಂಬರಿ ಬೀಜ, ಮೆಣಸು, ಜೀರಿಗೆ, ಜೊತೆಗೆ ಯಾವುದೋ ಒಂದು ಬೇರು. ಮೂರು ಲೋಟ ನೀರು ಎರಡಾಗುವ ತನಕ ಕುದಿಸಿ, ಬೆಲ್ಲ ಹಾಕಿ ಸೋಸಿ, “ಕುಡೀರಿ ಮಾಪ್ಳೆ, ಎದೆ ಅಗುರಾಯ್ತದೆ” ಎಂದು ಕೊಡುತ್ತಿದ್ದರು.

ನನ್ನದು ಅಷ್ಟು ಸುಲಭಕ್ಕೆ ಹಗುರಾಗುವ ಎದೆಯಲ್ಲ. ಎಡಗೈ ಜೋಮು ಹಿಡಿದರೆ ಹೃದಯಾಘಾತ, ಎರಡು ಸಲ ಸೀನಿದರೆ ನ್ಯುಮೋನಿಯಾ ಎಂದು ಬೆವರುವವನು ನಾನು. ಆದರೂ ಅದನ್ನು ಕುಡಿದ ಮೇಲೆ ಒಂದು ಗಂಟೆಯಾದರೂ ಯಾವ ರೋಗವೂ ಇಲ್ಲದ ಮನುಷ್ಯನಾಗಿರುತ್ತಿದ್ದೆ. ಅಷ್ಟು ನೆಮ್ಮದಿ ಸಿಕ್ಕಿದ್ದೇ ನನ್ನ ಅನುಮಾನಕ್ಕೆ ಕಾರಣವಾಯಿತು.

ಯಾರೋ ನಾಟಿ ಪುಡಿ ಕುಡಿದು ಲಿವರ್ ಕಳೆದುಕೊಂಡ ವಿಡಿಯೋ ಒಂದು ಮೊಬೈಲಿಗೆ ಬಂತು. ಆ ಬೇರು ಏನೆಂದು ಅತ್ತೆಯನ್ನೇ ಕೇಳಬಹುದಿತ್ತು. ಬುದ್ಧಿ ಇದ್ದವರು ಹಾಗೆ ಮಾಡುತ್ತಾರೆ. ನಾನು ಎರಡು ಚಮಚ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಡಾಕ್ಟರ ಹತ್ತಿರ ಹೋದೆ. ಅವರು ಮೂಸಿ ನಕ್ಕರು. “ದುಂಪರಾಸ್ಮೆ ಬೇರು ಇದ್ದಂಗದೆ ಕಣ್ರಿ, ಕೆಮ್ಮಿಗೆ ಹಾಕ್ತಾರೆ. ನಮ್ಮನೇಲೂ ಕುಡೀತೀವಿ, ಹೋಗಿ.” ಹಗುರಾಗಿ ಮನೆಗೆ ಬಂದೆ. ಪಕ್ಕದಲ್ಲಿ ನಿಂತಿದ್ದ ನರ್ಸು ಮಾರ್ಟಳ್ಳಿಯವಳು ಎಂಬುದು ಗೊತ್ತಿರಲಿಲ್ಲ.

ಮುಂದಿನ ಸಲ ಅತ್ತೆ ಬಂದಾಗ ಎಂದಿನಂತೆ ಕಾಪಿ ಕುದಿಸಿದರು. ಲೋಟವನ್ನು ನನ್ನ ಎದುರಿಗೆ ಹಿಡಿದು, ತಾವೇ ಒಂದು ಗುಟುಕು ಕುಡಿದರು.

“ನಾ ಕುಡುದ್ನಿ ಸಾ, ಇನ್ನೂ ಉಸ್ರಾಡ್ತಾವ್ನಿ. ಈಗ ನೀವು ಕುಡೀರಿ.”

ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು: “ನಮ್ಮವ್ವ ನಿಮ್ಗೆ ಇಸ ಆಕ್ತಳಾ?”

ಇಪ್ಪತ್ತು ವರ್ಷದಿಂದ ಮಾಪ್ಳೆಯಾಗಿದ್ದವನು ಅವತ್ತು ‘ಸಾ’ ಆದೆ. ತಾಲ್ಲೂಕು ಆಫೀಸಿನ ಮೇಜಿನಾಚೆ ಕೂತವನಿಗೆ ಅನ್ನುವ ಸಾ. ಬಾಟಲಿ ಮತ್ತೆ ಬರಲಿಲ್ಲ. ಅತ್ತೆ ಬರುತ್ತಿದ್ದರು, ಹಾಲಿನ ಟೀ ಕುಡಿದು ಹೋಗುತ್ತಿದ್ದರು. ಇನ್ನೊಂದು ಸಲ ಅವರ ಬಾಯಲ್ಲಿ ಮಾಪ್ಳೆ ಅನ್ನಿಸಿಕೊಂಡರೆ ಸಾಕಾಗಿತ್ತು. ತಪ್ಪಾಯಿತು ಎಂದು ಹೇಳಲು ಮಾತ್ರ ನಾಲಿಗೆ ಏಳಲಿಲ್ಲ. ಹೇಳಿದರೆ ಏನನ್ನುತ್ತಾರೋ ಎಂಬ ಭಯ ಬೇರೆ.

ಈ ಚಳಿಗೆ ಅತ್ತೆಗೆ ಕೆಮ್ಮು ಹಿಡಿಯಿತು. ಇದೇ ಸಮಯ ಎಂದುಕೊಂಡೆ. ಗ್ರಂಥಿಗೆ ಅಂಗಡಿಯಿಂದ ಸುಕ್ಕು, ಬೇರು ಎಲ್ಲ ತಂದು, ಹುರಿದು, ಕುಟ್ಟಿ, ಮೂರು ಲೋಟವನ್ನು ಎರಡು ಮಾಡಿ ಫ್ಲಾಸ್ಕಿಗೆ ತುಂಬಿದೆ. ಹನೂರಿನಲ್ಲಿ ಬಸ್ಸು ಬದಲಿಸುವಾಗ ಮುಚ್ಚಳ ಸೋರುತ್ತಿದೆಯೇ ಎಂದು ನಾಲ್ಕು ಸಲ ನೋಡಿದೆ.

ಅತ್ತೆ ಜಗುಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಬಗ್ಗಿಸಿಕೊಟ್ಟ ಲೋಟವನ್ನು ಮೂಸಿದರು.

“ಯಾರು ಮಾಡಿದ್ದು ಸಾ?”

“ನಾನೇ ಅತ್ತೆ.”

“ಡಾಕ್ಟ್ರಿಗೆ ತೋರ್ಸುದ್ರಾ?”

ಫ್ಲಾಸ್ಕಿನ ಮುಚ್ಚಳಕ್ಕೆ ಒಂದಿಷ್ಟು ಬಗ್ಗಿಸಿಕೊಂಡು ಅವರೆದುರಿಗೇ ಕುಡಿದೆ. ಅದೇ ನನ್ನ ತಪ್ಪೊಪ್ಪಿಗೆ ಎಂದು ಅವರಿಗೆ ಅರ್ಥವಾಗಲಿ ಎಂದು ಕಾದೆ.

“ಸುಕ್ಕಿನ ಮೇಗ್ಲು ಸಿಪ್ಪೆ ಕೆರುದ್ರಾ?”

ಸಿಪ್ಪೆ? ಇಪ್ಪತ್ತು ವರ್ಷ ಕುಡಿದಿದ್ದೆ, ಒಂದು ದಿನವೂ ಒಲೆಯ ಹತ್ತಿರ ಹೋಗಿ ನೋಡಿರಲಿಲ್ಲ. “ಇಲ್ಲ,” ಎಂದೆ.

“ನಮ್ಮಲ್ಲಿ ಕೂಸುಗೂ ಗೊತ್ತು. ಸುಕ್ಕಲ್ಲಿ ಇಸ ಇರೋದೇ ಸಿಪ್ಪೇಲಿ.”

ಕೋಪವೂ ಇಲ್ಲ, ನಗುವೂ ಇಲ್ಲ. ಮೆಲ್ಲಗೆ ಎದ್ದು ಹೋಗಿ ಲೋಟವನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿದರು. “ಗಿಡ ಒಣುಗುದ್ರೆ ಯೋಳಿ ಕಳುಸ್ತೀನಿ ಸಾ.”

ವಾಪಸ್ಸು ಬರುವಾಗ ಬಸ್ಸಿನಲ್ಲಿ ಹೊಟ್ಟೆ ಒತ್ತಿ ಒತ್ತಿ ನೋಡಿಕೊಂಡೆ. ನಾನು ಕುಡಿದಿದ್ದು ಎಷ್ಟು, ಎರಡು ಗುಟುಕೋ ಮೂರೋ?

ಮೂರು ದಿನ ಬಿಟ್ಟು, ಕೆಮ್ಮು ಹೇಗಿದೆ ಕೇಳು ಎಂದು ಹೆಂಡತಿಯಿಂದ ಫೋನು ಮಾಡಿಸಿದೆ. ಅವಳು ಅತ್ತ ಕೇಳಿಸಿಕೊಂಡು, ಫೋನಿಟ್ಟು, ನನ್ನ ಮುಖ ನೋಡದೆ ಹೇಳಿದಳು:

“ಕರಿಬೇವು ಚೆನ್ನಾಗದಂತೆ. ‘ಸಾ’ಗೆ ಯೋಳ್ಬುಡು ಅಂದ್ಲು.”